ಡಿಸೈನ್ ಓದುವವರ ಡಿಸೆಂಬರ್

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಯಾವ ಕೋರ್ಸು, ಯಾವ ಕಾಲೇಜು, ಎಷ್ಟು ಫೀಸು ಎಂಬ ವಾಡಿಕೆಯ ವಿಚಾರಣೆಗಳ ನಡುವೆ ಈಚೆಗೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ. ಈ ಸಲ ಅದು ವಳಕಮದಿನ್ನಿ ಎಂಬ ಹಳ್ಳಿಯಿಂದ ಬಂತು. 'ಸರ, ಮಗಳು ಆರ್ಟ್ಸ್ ಮುಗಿಸ್ಯಾಳ. ಚಿತ್ರ ಚಲೋ ತೆಗೀತಾಳ. ಡಿಸೈನ್ ಓದ್ತೀನಿ ಅಂತ ಹಟ ಹಿಡದಾಳ್ರಿ. ಅಂದ್ರ ಏನ್ರಿ ಅದು, ಬಟ್ಟಿ ಹೊಲಿಯೋದೇನ್ರಿ? ಮುಂದ ನೌಕರಿ ಸಿಗ್ತದೇನ್ರಿ?' ಎಂದು ಒಬ್ಬ ತಂದೆ ಕೇಳಿದರು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಅದೇನು, ನೌಕರಿ ಸಿಗುತ್ತದೆಯೇ ಎಂಬುದಕ್ಕೆ ಉತ್ತರವಿದೆ. ಆದರೆ ಅದಕ್ಕೂ ಮೊದಲು ನಾನು ಒಂದು ಮಾತು ಕೇಳಲೇಬೇಕಾಗುತ್ತದೆ: 'ಪ್ರವೇಶ ಪರೀಕ್ಷೆ ಬರದಾಳೇನ್ರಿ?' ಆ ಕಡೆಯಿಂದ ಉತ್ತರ ಬರುವುದಿಲ್ಲ. ಅಂಥದೊಂದು ಪರೀಕ್ಷೆ ಇದೆ ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಭಾಗದ ಮಕ್ಕಳು ಡಿಸೈನ್ ಓದಿನಿಂದ ದೂರ ಉಳಿಯಲು ಬುದ್ಧಿ ಸಾಲದಿರುವುದಾಗಲಿ, ಕೈಗೆ ಕಸುಬಿಲ್ಲದಿರುವುದಾಗಲಿ ಕಾರಣವಲ್ಲ. ಕ್ಯಾಲೆಂಡರ್ ಕಾರಣ. ಎಂಜಿನಿಯರಿಂಗ್‌ಗೆ ಸಿಇಟಿ, ವೈದ್ಯಕೀಯಕ್ಕೆ ನೀಟ್ ಎಂದು ಊರೆಲ್ಲ ಬಲ್ಲದು. ಅವು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಡೆಯುತ್ತವೆ. ಡಿಸೈನ್ ಪರೀಕ್ಷೆಗಳು ಹಾಗಲ್ಲ. ಐಐಟಿಗಳ ಬಿ.ಡೆಸ್ ಪದವಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಜನವರಿಯಲ್ಲಿ, ಅದರ ಅರ್ಜಿ ಅಕ್ಟೋಬರ್‌ನಲ್ಲೇ ಶುರುವಾಗುತ್ತದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯ ಮೊದಲ ಸುತ್ತಿನ ಪರೀಕ್ಷೆ ಡಿಸೆಂಬರ್-ಜನವರಿಯ ಹೊತ್ತಿಗೆ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ನ ಪರೀಕ್ಷೆಯೂ ಆಸುಪಾಸಿನಲ್ಲೇ. ದಿನಾಂಕ ವರ್ಷದಿಂದ ವರ್ಷಕ್ಕೆ ತುಸು ಹಿಂದುಮುಂದಾದೀತು, ಆದರೆ ಒಂದಂತೂ ನಿಜ: ದ್ವಿತೀಯ ಪಿಯುಸಿಯ ಮಗು ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿಯಲ್ಲಿರುವಾಗಲೇ ಈ ಬಾಗಿಲುಗಳು ತೆರೆದು, ಡಿಸೆಂಬರ್ ಹೊತ್ತಿಗೆ ಬಹುಪಾಲು ಮುಚ್ಚಿಕೊಳ್ಳುತ್ತವೆ. ನಮ್ಮಲ್ಲಿ ಮುಂದೇನು ಎಂಬ ಮಾತು ಶುರುವಾಗುವುದೇ ಏಪ್ರಿಲ್-ಮೇ ತಿಂಗಳಲ್ಲಿ, ಅಂಕಪಟ್ಟಿ ಕೈಗೆ ಬಂದ ಮೇಲೆ. ಅಷ್ಟರಲ್ಲಿ ಒಂದು ವರ್ಷ ಕೈಬಿಟ್ಟು ಹೋಗಿರುತ್ತದೆ.

ಇನ್ನು ಅದೇನು ಎಂಬ ಪ್ರಶ್ನೆ. ಬಟ್ಟೆ ಅದರ ಒಂದು ಭಾಗ ಮಾತ್ರ. ಡಿಸೈನ್ ಅಂದರೇನೆಂದು ತಿಳಿಯಬೇಕಾದರೆ ನಮ್ಮ ಎರೆ ಹೊಲದ ಕೂರಿಗೆಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮರದ ದಿಂಡಿಗೆ ಸಮ ಅಂತರದಲ್ಲಿ ಕೂರಿಸಿದ ತಾಳುಗಳು. ಪ್ರತಿ ತಾಳಿನ ಬೆನ್ನಿಗೊಂದು ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೇರಿ ಒಂದು ಬಟ್ಟಲಿಗೆ ಕೂಡುತ್ತವೆ. ಬಟ್ಟಲಿನ ತಳದಲ್ಲಿ ಕೊಳವೆಗೊಂದರಂತೆ ತೂತು. ಎತ್ತು ನಡೆಯುತ್ತಿದ್ದಂತೆ, ಬಹುಪಾಲು ಮನೆಯ ಹೆಣ್ಣುಮಗಳೇ, ಉಡಿಯಲ್ಲಿನ ಬೀಜವನ್ನು ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತ ಹಿಂದೆ ನಡೆಯುತ್ತಾಳೆ. ಬೀಜ ಎಲ್ಲ ಸಾಲಿಗೂ ಒಂದೇ ಸಮ ಹಂಚಿಹೋಗಬೇಕು, ಬೇಕಾದಷ್ಟೇ ಆಳಕ್ಕೆ ಇಳಿಯಬೇಕು, ಹಸಿ ಆರುವ ಮೊದಲು ಮಣ್ಣು ಮುಚ್ಚಬೇಕು. ಅಲ್ಲಿಗೆ ಮುಗಿಯಲಿಲ್ಲ. ತಾಳುಗಳ ನಡುವಿನ ಅಂತರ ಎಷ್ಟಿದೆಯೋ ಅದಕ್ಕೆ ಹೊಂದುವ, ಕಳೆ ತೆಗೆಯುವ ಎಡೆಕುಂಟೆ ಮನೆಯಲ್ಲಿರಬೇಕು. ಇಲ್ಲದಿದ್ದರೆ ತಿಂಗಳ ನಂತರ ಎಡೆ ಹೊಡೆಯುವಾಗ ಬೆಳೆಯೇ ಕಿತ್ತುಬರುತ್ತದೆ. ನಡುವೆ ತೊಗರಿಯ ಅಕ್ಕಡಿ ಬೇಕಾದರೆ ಹಿಂದೆ ಹಗ್ಗದಿಂದ ಒಂದು ಒಂಟಿ ಕೊಳವೆ ಕಟ್ಟಿಕೊಂಡರೆ ಆಯಿತು. ಎತ್ತಿನ ಬಲ, ಮನುಷ್ಯರ ಮುಷ್ಟಿಯ ಅಳತೆ, ಬೀಜದ ಗಾತ್ರ, ಮಣ್ಣಿನ ಗುಣ, ಕೆಟ್ಟರೆ ಊರಿನ ಬಡಿಗನೇ ರಿಪೇರಿ ಮಾಡುವಂಥ ಸರಳತೆ, ಇಷ್ಟನ್ನೂ ಒಟ್ಟಿಗೆ ಲೆಕ್ಕ ಹಾಕಿ ಯಾರೋ ಹೆಸರಿಲ್ಲದವರು ತಲೆಮಾರುಗಳ ಕಾಲ ತಿದ್ದಿ ತಿದ್ದಿ ಈ ರೂಪಕ್ಕೆ ತಂದಿದ್ದಾರೆ. ಡಿಸೈನ್ ಕಾಲೇಜು ಕಲಿಸಲು ಹೆಣಗುವುದು ಇದೇ ಲೆಕ್ಕವನ್ನು. ಯಾರು ಬಳಸುತ್ತಾರೆ, ಎಲ್ಲಿ ಬಳಸುತ್ತಾರೆ, ಯಾವುದರಿಂದ ಮಾಡಬೇಕು, ಕೆಟ್ಟರೆ ಏನು ಗತಿ, ಆಮೇಲೆ ಏನಾಗುತ್ತದೆ. ಚಂದ ಎಂಬುದು ಈ ಪ್ರಶ್ನೆಗಳ ಜೊತೆಗೇ ಬರುತ್ತದೆ, ಕೊನೆಗೆ ಮೇಲಿಂದ ಬಳಿಯುವ ಬಣ್ಣದಂತೆ ಬರುವುದಿಲ್ಲ.

ನಾನು ಊರಿನ ಅಭಿಮಾನಕ್ಕೆ ಹೀಗೆ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಡಿಸೈನ್ ಶಿಕ್ಷಣ ಶುರುವಾದದ್ದೇ ಇಂಥ ಒಂದು ನೋಟದಿಂದ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಭಾರತ ಸರ್ಕಾರ ಕರೆಸಿಕೊಂಡಿತ್ತು. ಅವರು ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ ವಸ್ತು ಯಾವ ಅರಮನೆಯದ್ದೂ ಅಲ್ಲ, ನಮ್ಮ ಮನೆಮನೆಯ ತಂಬಿಗೆ. ಎಷ್ಟು ನೀರು ಹಿಡಿಸಬೇಕು, ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಬರಿದಾದಾಗ ಹೇಗೆ, ಕೈಗೆ, ಸೊಂಟಕ್ಕೆ, ತಲೆಗೆ ಹೇಗೆ ಒಗ್ಗುತ್ತದೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ತಿಕ್ಕಿ ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಒಡೆದರೆ ಲೋಹಕ್ಕೆ ಬೆಲೆ ಉಳಿಯುತ್ತದೆಯೇ ಎಂದೆಲ್ಲ ಕೇಳಿಕೊಂಡು, ಒಬ್ಬ ವ್ಯಕ್ತಿಯಲ್ಲ, ತಲೆಮಾರುಗಳೇ ಕೂಡಿ ರೂಪಿಸಿದ ವಸ್ತು ಇದು ಎಂಬ ತೀರ್ಮಾನಕ್ಕೆ ಬಂದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಹುಟ್ಟಿತು. 1969ರಲ್ಲಿ ಐಐಟಿ ಬಾಂಬೆಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಬಂತು.

ಆ ಸೆಂಟರಿನ ಕೆಲಸವೊಂದನ್ನು ವಳಕಮದಿನ್ನಿಯಲ್ಲಿ ಮತ ಹಾಕುವ ವಯಸ್ಸಿನ ಪ್ರತಿಯೊಬ್ಬರೂ ಕೈಯಾರೆ ಮುಟ್ಟಿದ್ದಾರೆ. ನಮ್ಮ ವಿದ್ಯುನ್ಮಾನ ಮತಯಂತ್ರದ ರೂಪವಿನ್ಯಾಸದಲ್ಲಿ ಕೈಜೋಡಿಸಿದವರು ಅಲ್ಲಿನ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಆ ಯಂತ್ರವನ್ನು ಒಮ್ಮೆ ನೆನಪಿಸಿಕೊಳ್ಳಿ. ಓದು ಬಾರದವರಿಗೆ ಹೆಸರಿನ ಪಕ್ಕದಲ್ಲೇ ಚಿಹ್ನೆ, ಚಿಹ್ನೆಯ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಹೊರಗೆ ಕೂತವರಿಗೂ ಕೇಳುವ ಒಂದು ಬೀಪ್ ಶಬ್ದ. ಕಣ್ಣು ಕಾಣದವರಿಗೆ ಬ್ರೈಲ್ ಅಂಕಿ. ಒಂದು ಪೆಟ್ಟಿಗೆಯಲ್ಲಿ 16 ಸಾಲು. ಗುಂಡಿ ಒತ್ತಿದವರ ಆಯ್ಕೆ ಯಾರಿಗೂ ಕಾಣಬಾರದು, ಆದರೆ ಮತ ಬಿತ್ತೆಂಬ ಖಾತ್ರಿ ಅವರಿಗೂ ಅಧಿಕಾರಿಗೂ ಸಿಗಬೇಕು. ಎತ್ತಿ ಲಾರಿಗೆ ಹಾಕಬೇಕು, ಬಿಸಿಲಿಗೆ ಕೆಡಬಾರದು, ಶಾಲೆಯ ಮುರುಕು ಮೇಜಿನ ಮೇಲೂ ಭದ್ರವಾಗಿ ಕೂರಬೇಕು. ಮಗಳು ಡಿಸೈನ್ ಓದಿ ಏನು ಮಾಡುತ್ತಾಳೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದು. ಫ್ಯಾಷನ್ ಶೋ ಆಮೇಲೆ.

ಪದವಿ ನಾಲ್ಕು ವರ್ಷದ್ದು. ಮೊದಲ ಭಾಗವನ್ನು ಫೌಂಡೇಶನ್ ಅನ್ನುತ್ತಾರೆ. ಅಲ್ಲಿ ಯಾರೂ ನೇರವಾಗಿ ಕಾರು, ಕುರ್ಚಿ, ಮೊಬೈಲ್ ಆ್ಯಪ್ ಬರೆಯಲು ಕೂರುವುದಿಲ್ಲ. ಕೈಯಿಂದ ಗೆರೆ ಎಳೆಯುವುದು, ಬಣ್ಣ ಬೆರೆಸುವುದು, ಜ್ಯಾಮಿತಿ, ಮಣ್ಣು, ಮರ, ಕಾಗದ, ಲೋಹ, ನೂಲು ಒಂದೊಂದನ್ನೂ ಕೈಯಾರೆ ಬಾಗಿಸಿ, ಕತ್ತರಿಸಿ, ಕೆಡಿಸಿ ನೋಡುವುದು. ಹಾಳೆಯ ಮೇಲೆ ಚಂದ ಕಂಡ ಮೂಲೆ ಮರದಲ್ಲಿ ಬಿರುಕು ಬಿಡುತ್ತದೆ ಎಂಬುದು ಉಪನ್ಯಾಸದಿಂದ ತಲೆಗೆ ಇಳಿಯುವುದಿಲ್ಲ, ಉಳಿ ಹಿಡಿದಾಗ ಮಾತ್ರ ಇಳಿಯುತ್ತದೆ. ಅದಾದ ಮೇಲೆ ಒಂದು ದಾರಿ ಆರಿಸಿಕೊಳ್ಳಬೇಕು: ಉತ್ಪನ್ನ, ಜವಳಿ, ಪೀಠೋಪಕರಣ, ಪಿಂಗಾಣಿ ಮತ್ತು ಗಾಜು, ಗ್ರಾಫಿಕ್, ಅನಿಮೇಶನ್, ಚಲನಚಿತ್ರ, ವಸ್ತುಪ್ರದರ್ಶನ ಹೀಗೆ. ಮೂರು ಗಂಟೆ ಕೂತು ಉತ್ತರ ಬರೆಯುವ ಪರೀಕ್ಷೆಗಿಂತ ಹೆಚ್ಚು ತೂಕ ಜ್ಯೂರಿಗೆ. ಮಾಡಿದ ಕೆಲಸವನ್ನು ಮೇಷ್ಟ್ರುಗಳ ಮುಂದೆ ಇಟ್ಟು, ಹೀಗೇಕೆ ಮಾಡಿದೆ ಎಂಬುದಕ್ಕೆ ನಿಂತು ಉತ್ತರ ಕೊಡಬೇಕು. ಅವರು ಒಪ್ಪದಿದ್ದರೆ ಮತ್ತೆ ಮಾಡಬೇಕು. ಶಾಲೆಯಲ್ಲಿ ತಿದ್ದುಪಡಿ ಎಂದರೆ ಅವಮಾನ ಎಂದುಕೊಂಡು ಬೆಳೆದ ಮಗುವಿಗೆ ಮೊದಲ ವರ್ಷ ಇದು ಬಹಳ ಕಷ್ಟ. ಅದನ್ನು ದಾಟಿದವರು ಗಟ್ಟಿಯಾಗುತ್ತಾರೆ.

ಎನ್‌ಐಡಿಯಂಥ ಕಡೆ ಮೊದಲ ವರ್ಷದ ಮಕ್ಕಳನ್ನು ಹಳ್ಳಿಗೆ ಕರೆದುಕೊಂಡು ಹೋಗಿ ಬಿಡುವ ಪದ್ಧತಿಯಿದೆ. ಮನೆ ಹೇಗೆ ಕಟ್ಟಿದ್ದಾರೆ, ನೀರು ಎಲ್ಲಿಂದ ಬರುತ್ತದೆ, ಯಾವ ಪಾತ್ರೆ ಎಲ್ಲಿ ತೂಗುತ್ತದೆ, ಯಾವ ಕೆಲಸ ಯಾರು ಮಾಡುತ್ತಾರೆ ಎಂದು ಅವರು ಅಳೆದು, ಬರೆದು, ಚಿತ್ರಿಸಿ ತರಬೇಕು. ಹಾಗಾದರೆ ನಮ್ಮ ಮಕ್ಕಳು ಮೊದಲೇ ಗೆದ್ದ ಹಾಗೆ ಎಂದು ತಿಳಿಯಬೇಡಿ. ಅದರ ನಡುವೆ ಬೆಳೆದ ಮಾತ್ರಕ್ಕೆ ಅದನ್ನು ನೋಡಿದ್ದೇವೆ ಎಂದಾಗುವುದಿಲ್ಲ. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವ ಹಿಟ್ಟು ನಾದುವ ಕೊಣಮಿಗೆಯನ್ನು ಒಲೆಯಿಂದ ಎಷ್ಟು ದೂರ ಇಟ್ಟುಕೊಳ್ಳುತ್ತಾಳೆ, ಏಕೆ ಅಷ್ಟೇ ದೂರ ಎಂದು ದಿನಾ ರೊಟ್ಟಿ ತಿನ್ನುವ ಮಗಳಿಗೆ ಕೇಳಿ, ತಟ್ಟನೆ ಹೇಳಲಾರಳು. ಹೊರಗಿನವರಿಗೆ ಹೊಸದು ಎಂಬ ಕಾರಣಕ್ಕೆ ಕಾಣುತ್ತದೆ, ನಮಗೆ ರೂಢಿ ಎಂಬ ಕಾರಣಕ್ಕೆ ಮರೆಯಾಗುತ್ತದೆ. ಆ ಮರೆಯನ್ನು ಸರಿಸಿಕೊಂಡ ಹಳ್ಳಿಯ ಮಗುವಿಗೆ ಪೇಟೆಯ ಮಗು ನಾಲ್ಕು ವರ್ಷದಲ್ಲೂ ಸಂಪಾದಿಸಲಾಗದ ತಿಳಿವಳಿಕೆ ಕೈಯಲ್ಲೇ ಇರುತ್ತದೆ. ಲಿಂಗಸುಗೂರು ಸುತ್ತಿನ ತಾಂಡಾದ ಹುಡುಗಿಗೆ ಅಜ್ಜಿಯ ಕಸೂತಿಯಲ್ಲಿ ಕನ್ನಡಿ ಬಿಲ್ಲೆಯನ್ನು ಹಿಡಿದು ನಿಲ್ಲಿಸುವ ಹೊಲಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ.

ಇನ್ನೊಂದು ಗೊಂದಲ ಸಿಂಧನೂರಿನಂಥ ಊರಿನ ಡಿಟಿಪಿ ಅಂಗಡಿಗಳಿಂದ ಹುಟ್ಟುತ್ತದೆ. ಫ್ಲೆಕ್ಸ್, ಮದುವೆ ಕಾರ್ಡು, ಜಾತ್ರೆಯ ಬ್ಯಾನರ್ ಮಾಡುವ ಹುಡುಗರು ಕೋರಲ್‌ಡ್ರಾ, ಫೋಟೊಶಾಪ್, ನುಡಿ ಮೂರನ್ನೂ ಬಲು ಚುರುಕಾಗಿ ಬಳಸುತ್ತಾರೆ. ಗಿರಾಕಿ ಎದುರಿಗೆ ನಿಂತಿರುವಾಗಲೇ ಹತ್ತು ಮುಖಗಳನ್ನು ಕತ್ತರಿಸಿ ಜೋಡಿಸುವ ಆ ಕೈಚಳಕಕ್ಕೆ ನನ್ನ ಗೌರವವಿದೆ. ಅವರಲ್ಲಿ ಹಲವರು ಒಳ್ಳೆಯ ಡಿಸೈನರ್ ಆಗಬಲ್ಲರು. ಆದರೆ ಸಾಫ್ಟ್‌ವೇರ್ ಬಲ್ಲೆ, ಮತ್ತೆ ಓದುವುದೇಕೆ ಎಂಬ ಮಾತನ್ನು ಒಪ್ಪಲಾರೆ. ಜಾತ್ರೆಯ ಬ್ಯಾನರಿನಲ್ಲಿ ತೇರಿನ ದಿನಾಂಕ ಮೂಲೆಗೆ ಸೇರಿ, ದೇಣಿಗೆ ಕೊಟ್ಟವರ ಮುಖಗಳು ನಡುವೆ ಕೂತಾಗ, ದೂರದಿಂದ ಬಂದ ಭಕ್ತರಿಗೆ ಬೇಕಾದದ್ದು ಸಿಗುವುದಿಲ್ಲ. ಯಾರಿಗೆ, ಎಷ್ಟು ದೂರದಿಂದ, ಎಷ್ಟು ಹೊತ್ತಿನಲ್ಲಿ ಏನು ಕಾಣಬೇಕು ಎಂದು ಮೊದಲೇ ತೀರ್ಮಾನಿಸುವುದು ಡಿಸೈನ್. ಆ ತೀರ್ಮಾನ ಕಾಗದದ ಮೇಲೆ ಪೆನ್ಸಿಲಿನಿಂದಲೂ ಆಗುತ್ತದೆ. ಸಾಫ್ಟ್‌ವೇರ್ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತದೆ.

ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ. ಯುಸೀಡ್‌ನಲ್ಲಿ ಒಂದು ಭಾಗ ಕಂಪ್ಯೂಟರಿನಲ್ಲಿ: ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಮಾದರಿ ಗುರುತಿಸುವುದು, ಪರಿಸರ ಮತ್ತು ಸಮಾಜದ ಸಾಮಾನ್ಯ ತಿಳಿವಳಿಕೆ, ತರ್ಕ, ಭಾಷೆ. ಇನ್ನೊಂದು ಭಾಗ ಕೈಯಿಂದ ಚಿತ್ರ ಬರೆಯುವುದು. ಎನ್‌ಐಡಿಯಲ್ಲಿ ಮೊದಲ ಸುತ್ತು ದಾಟಿದವರನ್ನು ಎರಡನೇ ಸುತ್ತಿಗೆ ಕರೆಯುತ್ತಾರೆ. ಅಲ್ಲಿ ಕೈಗೆ ಒಂದಿಷ್ಟು ಸಾಮಗ್ರಿ ಕೊಟ್ಟು ಏನಾದರೂ ಮಾಡಿ ತೋರಿಸಲು ಹೇಳಬಹುದು. ನಿಫ್ಟ್‌ನಲ್ಲೂ ಸಿಚುಯೇಶನ್ ಟೆಸ್ಟ್ ಎಂಬ ಹೆಸರಿನಲ್ಲಿ ಅಂಥದೇ ಒಂದು ಸುತ್ತಿದೆ. ಫೋಟೊದಂತೆ ಮುಖ ಬರೆಯುವ ಕೈ ಬೇಕಾಗಿಲ್ಲ. ಕಂಡದ್ದನ್ನು ಅಳತೆ ತಪ್ಪದೆ ತೋರಿಸುವ, ಇಲ್ಲದ್ದನ್ನು ಕಲ್ಪಿಸಿಕೊಳ್ಳುವ ಗೆರೆ ಬೇಕು. ತಯಾರಿಗೆ ದುಬಾರಿ ಕೋಚಿಂಗ್ ಬೇಕೇ ಎಂದು ಕೇಳುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳು ಯುಸೀಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮಿಕ್ಕದ್ದಕ್ಕೆ ಒಂದು ನೋಟುಬುಕ್ಕು, ಒಂದು ಪೆನ್ಸಿಲ್ ಹಿಡಿದು ಸಿಂಧನೂರು ಬಸ್ ನಿಲ್ದಾಣದಲ್ಲಿ ವಾರಕ್ಕೊಂದು ಸಂಜೆ ಕೂತರೆ ಸಾಕು ಎನ್ನುತ್ತೇನೆ. ಬಸ್ಸಿನ ಮುಂದಿನ ಬೋರ್ಡು ಓದಲಾಗದ ಮುದುಕಿ ಯಾರನ್ನು ಕೇಳುತ್ತಾಳೆ? ಬಸ್ಸು ತಿರುಗಿ ನಿಂತರೆ ಬೋರ್ಡು ಯಾರ ಕಣ್ಣಿಗೆ ಬೀಳುತ್ತದೆ? ಚೀಲ ಹೊತ್ತವರು ಮೊದಲ ಮೆಟ್ಟಿಲಿಗೆ ಕಾಲು ಹೇಗೆ ಇಡುತ್ತಾರೆ, ಕೈ ಎಲ್ಲಿಗೆ ಹೋಗುತ್ತದೆ? ಇದನ್ನು ಬರೆದು, ಅದೇ ಬೋರ್ಡನ್ನು, ಅದೇ ಮೆಟ್ಟಿಲನ್ನು ಹೀಗಿದ್ದರೆ ಹೇಗೆ ಎಂದು ಮೂರು ಥರ ಚಿತ್ರಿಸಿ ನೋಡಬೇಕು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಕಟ್ಟಿದ ಮಕ್ಕಳಿಗೆ ಗೆರೆಯ ಭಯ ಮೊದಲೇ ಹೋಗಿರುತ್ತದೆ, ಹಾಗಾಗಿ ಆ ಪರೀಕ್ಷೆಗಳನ್ನು ಕಡೆಗಣಿಸಬೇಡಿ.

ನಿಜವಾದ ಅಡ್ಡಿ ಭಾಷೆ. ಈ ಪರೀಕ್ಷೆಗಳಲ್ಲಿ ಯಾವುದರದ್ದೂ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲ. ವೈದ್ಯರಾಗಲು ಬರೆಯುವ ನೀಟ್ ಕನ್ನಡದಲ್ಲಿ ಸಿಗುತ್ತದೆ, ಮತಯಂತ್ರದಂಥ ವಸ್ತುವನ್ನು ರೂಪಿಸುವ ವಿದ್ಯೆಯ ಪರೀಕ್ಷೆ ಸಿಗುವುದಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ. ಕಣ್ಣು ಮತ್ತು ಕೈಯನ್ನು ಅಳೆಯುತ್ತೇವೆ ಎನ್ನುವ ಪರೀಕ್ಷೆಗೆ ಇಂಗ್ಲಿಷ್ ಅಡ್ಡ ಬರಬಾರದು. ನಮ್ಮ ಸಂಸದರು, ಶಾಸಕರು ಇದನ್ನು ಕೇಳಬೇಕಾದ ಕಡೆ ಕೇಳಲಿ. ಅಲ್ಲಿಯವರೆಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಹೇಳುವುದಿಷ್ಟು: ಪ್ರಶ್ನೆಗಳ ಇಂಗ್ಲಿಷ್ ದೊಡ್ಡ ಸಾಹಿತ್ಯದ್ದಲ್ಲ, ಸೂಚನೆಗಳ ಇಂಗ್ಲಿಷ್. ಹಳೆಯ ಪತ್ರಿಕೆಗಳನ್ನು ಶಬ್ದಕೋಶ ಹಿಡಿದು ಒಂದು ಸಲ ಪೂರ್ತಿ ಬಿಡಿಸಿದರೆ ಅದೇ ಪದಗಳು ತಿರುತಿರುಗಿ ಬರುವುದು ತಿಳಿಯುತ್ತದೆ. ಕಾಲೇಜು ಸೇರಿದ ಮೇಲೆ ಜ್ಯೂರಿಯ ಮುಂದೆ ಮಾತಾಡುವ ಕಷ್ಟ ಇದ್ದೇ ಇದೆ, ಆದರೆ ಅಲ್ಲಿ ಮಾತಿಗಿಂತ ಮೊದಲು ಮೇಜಿನ ಮೇಲಿನ ಕೆಲಸ ಕಾಣುತ್ತದೆ.

ಮೇಷ್ಟ್ರುಗಳೂ ಎಷ್ಟೋ ಸಲ ತಪ್ಪು ತಿಳಿದಿರುವ ಒಂದು ವಿಷಯ: ಬಿ.ಡೆಸ್ ಓದಲು ಸೈನ್ಸೇ ಆಗಬೇಕೆಂದಿಲ್ಲ. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದರಲ್ಲಿ ಪಿಯುಸಿ ಮಾಡಿದರೂ ಎನ್‌ಐಡಿ, ನಿಫ್ಟ್, ಯುಸೀಡ್ ಮೂರರ ಬಾಗಿಲೂ ತೆರೆದಿದೆ. ನಿಫ್ಟ್‌ನ ಫ್ಯಾಷನ್ ಟೆಕ್ನಾಲಜಿ ಪದವಿಗೆ ಮಾತ್ರ ಗಣಿತ ಬೇಕು. ಯುಸೀಡ್ ಅನ್ನು ಸತತ ಎರಡು ವರ್ಷ, ಎರಡೇ ಸಲ ಬರೆಯಬಹುದು. ಎನ್‌ಐಡಿಗೆ ವಯಸ್ಸು 20 ದಾಟಿರಬಾರದು, ಮೀಸಲು ವರ್ಗದವರಿಗೆ ಸಡಿಲಿಕೆಯಿದೆ. ಬೆಂಗಳೂರಿನಲ್ಲೂ ಎನ್‌ಐಡಿ ಕ್ಯಾಂಪಸ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಸ್ನಾತಕೋತ್ತರಕ್ಕೆ. ಪದವಿಗೆ ಅಹಮದಾಬಾದ್, ಅಥವಾ ಆಂಧ್ರ, ಹರಿಯಾಣ, ಮಧ್ಯಪ್ರದೇಶ, ಅಸ್ಸಾಂನ ಎನ್‌ಐಡಿಗಳು. ರಾಯಚೂರಿನಿಂದ ಹತ್ತಿರದ್ದು ಆಂಧ್ರದ್ದೇ. ಐದೂ ಸೇರಿದರೆ ಸೀಟು ಕೆಲವೇ ನೂರು. ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ನೆರವಿಗೆ ಬರುತ್ತದೆಯೇ ಎಂಬುದು ನಮ್ಮ ಭಾಗದ ಸಹಜ ಪ್ರಶ್ನೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಆ ಮೀಸಲಾತಿ ರಾಜ್ಯದ ಸೀಟುಗಳಿಗೆ. ಐಐಟಿ, ಎನ್‌ಐಡಿ, ನಿಫ್ಟ್ ಕೇಂದ್ರದ ಸಂಸ್ಥೆಗಳಾದ್ದರಿಂದ ಅಲ್ಲಿ ಅದು ನಡೆಯುವುದಿಲ್ಲ, ಕೇಂದ್ರದ ಮೀಸಲಾತಿಯೇ ಲೆಕ್ಕಕ್ಕೆ. ನಿಫ್ಟ್‌ನಲ್ಲಿ ಇನ್ನೊಂದು ಬಾಗಿಲಿದೆ: ಗುರುತಿನ ಚೀಟಿಯಿರುವ ಕುಶಲಕರ್ಮಿಗಳು ಮತ್ತು ನೇಕಾರರ ಮಕ್ಕಳಿಗೆ ಪ್ರತ್ಯೇಕ ಪ್ರವೇಶ. ಇಳಕಲ್ಲಿನ ಮಗ್ಗದ ಮನೆ, ಕಿನ್ನಾಳದ ಚಿತ್ರಗಾರರ ಮನೆ, ಬೀದರಿನ ಬಿದ್ರಿ ಕೆಲಸದ ಮನೆಗಳು ಇದನ್ನು ತಿಳಿದಿರಲೇಬೇಕು.

ಫೀಸಿನ ಮಾತು ಬಾರದೆ ಈ ಚರ್ಚೆ ಮುಗಿಯುವುದಿಲ್ಲ. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲ. ಉಳಿದವರಲ್ಲಿ ಕುಟುಂಬದ ವರ್ಷದ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಮಾಫಿ, 5 ಲಕ್ಷದ ಒಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಎನ್‌ಐಡಿ, ನಿಫ್ಟ್ ಸರ್ಕಾರಿ ಎಂದಾಕ್ಷಣ ಅಗ್ಗವಲ್ಲ, ನಾಲ್ಕು ವರ್ಷಕ್ಕೆ ಹಲವು ಲಕ್ಷ ಬೇಕು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಇಂಥ ಸಂಸ್ಥೆಗಳಿಗೆಂದೇ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನವಿದೆ. ಖಾಸಗಿಯವರಲ್ಲಿ ಬೆಂಗಳೂರಿನ ಸೃಷ್ಟಿ 1996ರಲ್ಲಿ ಶುರುವಾದದ್ದು, ಈಗ ಮಣಿಪಾಲದ ಅಂಗ. ಆ ನಂತರ ಬಿ.ಡೆಸ್ ಬೋರ್ಡು ಹಾಕಿದ ಕಾಲೇಜುಗಳು ಬೇಕಾದಷ್ಟಾಗಿವೆ. ಹೊಲ ಅಡವಿಟ್ಟು ಅಲ್ಲಿಗೆ ಹಣ ಕಟ್ಟುವ ಮೊದಲು ಒಮ್ಮೆ ಖುದ್ದು ಹೋಗಿ ವರ್ಕ್‌ಶಾಪ್ ತೋರಿಸಿ ಎಂದು ಕೇಳಿ. ಮರದ ಪುಡಿ, ಮಣ್ಣಿನ ಗೂಡು, ಮಗ್ಗ, ಕಬ್ಬಿಣ ಕೊಯ್ಯುವ ಯಂತ್ರ ಏನೂ ಕಾಣದೆ ಬರೀ ಕಂಪ್ಯೂಟರ್ ಸಾಲು ಕಂಡರೆ ವಾಪಸು ಬನ್ನಿ. ಅದಕ್ಕಿಂತ ದಾವಣಗೆರೆಯಲ್ಲಿ 1964ರಿಂದ ನಡೆಯುತ್ತಿರುವ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಕಾವಾ, ಕಲಬುರಗಿಯ ದೃಶ್ಯಕಲಾ ಕಾಲೇಜುಗಳು ಎಷ್ಟೋ ಮೇಲು. ಅಲ್ಲಿ ಅನ್ವಯ ಕಲೆ ತೆಗೆದುಕೊಂಡರೆ ಗ್ರಾಫಿಕ್ ಡಿಸೈನಿನ ಬುನಾದಿ ಸಿಗುತ್ತದೆ, ಮೇಷ್ಟ್ರ ಜೊತೆ ಕನ್ನಡದಲ್ಲಿ ಮಾತಾಡಬಹುದು. ಪದವಿ ಮುಗಿಸಿ ಎಂ.ಡೆಸ್‌ಗೆ ಐಐಟಿ, ಎನ್‌ಐಡಿ ಪ್ರವೇಶ ಪರೀಕ್ಷೆ ಬರೆಯುವ ದಾರಿಯೂ ತೆರೆದಿರುತ್ತದೆ. ಕೈಯಲ್ಲಿ ಹಣವಿಲ್ಲದ, ಡಿಸೆಂಬರ್ ತಪ್ಪಿಸಿಕೊಂಡ ಮನೆಗೆ ನಾನು ಧೈರ್ಯವಾಗಿ ಹೇಳುವ ದಾರಿ ಇದು.

ಕನ್ನಡದ ಮಕ್ಕಳು ಈ ಓದಿಗೆ ಹೋಗಲಿ ಎಂದು ನಾನು ಇಷ್ಟು ಆಸೆಪಡುವುದಕ್ಕೆ ಮಸ್ಕಿಯಲ್ಲೇ ಒಂದು ಕಾರಣವಿದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿನ ಬಂಡೆಯ ಮೇಲಿದೆ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೂ ಹೇಳಿ ಅದು ಚರಿತ್ರೆಯ ದೊಡ್ಡ ಒಗಟೊಂದನ್ನು ಬಿಡಿಸಿತು. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಅಕ್ಷರಗಳ ಆಕಾರ ನೋಡಿ ಎನ್ನುತ್ತೇನೆ. ನೇರ ಗೆರೆ, ಸಣ್ಣ ವೃತ್ತ, ಅಡ್ಡ ಕಡ್ಡಿ. ಒರಟು ಕಲ್ಲಿನ ಮೇಲೆ ಚಾಣದಿಂದ ಹೊಡೆಯುವಾಗ ಕೈಗೆ ಬರುವುದು ಅಷ್ಟೇ. ಅದೇ ಲಿಪಿ ತಲೆಮಾರುಗಳನ್ನು ದಾಟಿ, ತಾಳೆಗರಿಗೆ, ಅದರ ಮೇಲೆ ಬರೆಯುವ ಕಂಠಕ್ಕೆ ಒಗ್ಗಿ, ದುಂಡಗಾಗಿ ನಮ್ಮ ಕನ್ನಡವಾಯಿತು. ಈಗ ಅದು ಫೋನಿನ ಗಾಜಿಗೆ ಬಂದಿದೆ, ಇಲ್ಲಿ ಹೊಸ ತೊಡಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಕೆಲವು ಆ್ಯಪ್‌ಗಳಲ್ಲಿ ಗುಂಡಿಯೊಳಗೆ ಕೂರಿಸಿದ ಪದದ ಒತ್ತು ಅರ್ಧ ಕತ್ತರಿಸಿಹೋಗಿರುತ್ತದೆ. 'ಸಲ್ಲಿಸಿ' ಎಂಬಲ್ಲಿ ಕೆಳಗಿನ ಲ ಕಾಣದಿದ್ದರೆ ಪಿಂಚಣಿ ಅರ್ಜಿ ತುಂಬುವ ಅಜ್ಜ ಏನೆಂದು ಓದಬೇಕು? ಇಂಗ್ಲಿಷಿನ ಅಳತೆಗೆ ಪೆಟ್ಟಿಗೆ ಹೊಲಿದು, ಕನ್ನಡವನ್ನು ಅದರೊಳಗೆ ತುರುಕಿದರೆ ಆಗುವುದು ಹೀಗೆ. ವಿಂಡೋಸ್ ಕಂಪ್ಯೂಟರಿನ ಜೊತೆ ಬರುತ್ತಿದ್ದ ತುಂಗಾ ಎಂಬ ಕನ್ನಡ ಅಕ್ಷರಶೈಲಿಯ ಹಿಂದಿನವರು ಐಐಟಿ ಬಾಂಬೆಯಲ್ಲಿ ಕಲಿಸಿದ್ದ ಆರ್.ಕೆ. ಜೋಶಿ. ಹಲವು ಕಡೆ ಕಾಣುವ 'ಬಾಲೂ ತಮ್ಮ' ಎಂಬ ಅಕ್ಷರಶೈಲಿ ಮುಂಬೈನ ಏಕ್ ಟೈಪ್ ತಂಡದ್ದು. ಅವರ ಶ್ರಮಕ್ಕೆ ನಮಸ್ಕಾರ. ಆದರೆ ಎಳೆತನದಿಂದ ಕನ್ನಡವನ್ನೇ ಓದಿ ಬೆಳೆದ ಕಣ್ಣು, ತಲಕಟ್ಟು ಎಲ್ಲಿ ಹಗುರಾಗಬೇಕು, ಒತ್ತು ಎಲ್ಲಿ ನಿಲ್ಲಬೇಕು ಎಂದು ಹೇಳುವ ಕೆಲಸ ಇನ್ನೂ ರಾಶಿ ಬಿದ್ದಿದೆ.

ನೌಕರಿಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಆ್ಯಪ್ ಮತ್ತು ಜಾಲತಾಣ ರೂಪಿಸುವ ಕೆಲಸ ಬೆಂಗಳೂರಿನಲ್ಲಿದೆ, ಜವಳಿ, ಗಡಿಯಾರ, ವಾಹನ, ಆಸ್ಪತ್ರೆ ಉಪಕರಣದ ಕಂಪನಿಗಳೂ ವಿನ್ಯಾಸಕರನ್ನು ಇಟ್ಟುಕೊಳ್ಳುತ್ತವೆ. ಸರ್ಕಾರಿ ನೌಕರಿಯ ಖಾತ್ರಿ ಇದರಲ್ಲಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಚಿತ್ರ ಬರೆದುಕೊಡುವ ಸಣ್ಣಪುಟ್ಟ ಕೆಲಸ ಕಡಿಮೆಯಾಗುತ್ತಿರುವುದೂ ನಿಜ. ಬರೀ ಸಾಫ್ಟ್‌ವೇರ್ ಕಲಿತವರಿಗೆ ಆ ಪೆಟ್ಟು ಮೊದಲು ಬೀಳುತ್ತದೆ. ಬಸ್ಸಿನ ಮೆಟ್ಟಿಲ ಬಳಿ ಮುದುಕಿಯ ಕೈ ಎಲ್ಲಿಗೆ ಹೋಗುತ್ತದೆ ಎಂದು ನಿಂತು ನೋಡಿ ಬಂದವರ ಅಗತ್ಯ ಅಷ್ಟು ಬೇಗ ತೀರುವುದಿಲ್ಲ ಎಂಬುದು ನನ್ನ ನಂಬಿಕೆ.

ಹಾಗಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಪಿಯು ಕಾಲೇಜಿನ ಪ್ರಾಚಾರ್ಯರಲ್ಲಿ ಒಂದು ವಿನಂತಿ. ಸೆಪ್ಟೆಂಬರ್ ಬರುತ್ತಿದ್ದಂತೆ ಯುಸೀಡ್, ಎನ್‌ಐಡಿ, ನಿಫ್ಟ್ ಮೂರರ ಅರ್ಜಿ ದಿನಾಂಕ ನೋಡಿ ನೋಟಿಸ್ ಬೋರ್ಡಿಗೆ ಹಾಕಿ, ಆರ್ಟ್ಸ್ ಮತ್ತು ಕಾಮರ್ಸ್ ತರಗತಿಗಳಲ್ಲಿ ಓದಿ ಹೇಳಿ. ತಂದೆತಾಯಂದಿರು ಅದಕ್ಕೂ ಮೊದಲೇ ನಾಡಕಚೇರಿ, ತಹಶೀಲ್ದಾರ್ ಕಚೇರಿಯ ಕೆಲಸ ಮುಗಿಸಿಕೊಳ್ಳಿ. ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರ ಇಲ್ಲಿ ಸಾಲದು. ಹಿಂದುಳಿದ ವರ್ಗದವರಿಗೆ ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿಲೇಯರ್ ಪತ್ರ, ಸಾಮಾನ್ಯ ವರ್ಗದ ಬಡವರಿಗೆ ಇಡಬ್ಲ್ಯುಎಸ್ ಪತ್ರ ಬೇಕು. ಯಾವ ತಾರೀಖಿನ ನಂತರ ಪಡೆದದ್ದು ನಡೆಯುತ್ತದೆ ಎಂಬುದು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿರುತ್ತದೆ. ಆ ಸಾಲನ್ನು ಓದಿಯೇ ಕಚೇರಿಗೆ ಹೋಗಿ. ಕೈಯಲ್ಲಿ ರಶೀದಿ ಮಾತ್ರ ಇದ್ದು ಪತ್ರ ಬಾರದಿದ್ದರೆ ಅರ್ಜಿಯ ಜಾಲತಾಣ ಅದನ್ನು ಒಪ್ಪದಿರಬಹುದು, ಅದಕ್ಕೆ ದಸರೆ ರಜೆಗೆ ಮುಂಚೆ ಕೊಟ್ಟುಬಿಡಿ.